ಬಣ್ಣದ ಕೆಳಗಿನ ತುಕ್ಕು: ದೋಣಿ ಎಂಜಿನ್‌ಗೆ ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೊಳ್ಳುವ ಮುನ್ನ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಈ 61 ದಿನಗಳು ಮೀನುಗಾರರಿಗೆ ಬಿಡುವಿನ ದಿನಗಳಾದರೆ ಎಂಜಿನ್ ದುರಸ್ತಿ ಮಾಡುವವರಿಗೆ ಬಿಡುವಿಲ್ಲದ ದಿನಗಳು. ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಕಾರವಾರಗಳಲ್ಲಿ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಎಂಜಿನ್‌ಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಆಗಸ್ಟ್ 1ರೊಳಗೆ ಎಲ್ಲವನ್ನೂ ಸಜ್ಜುಗೊಳಿಸಬೇಕು. ಆ ಅವಸರದ ಒಂದು ಸಣ್ಣ ಪಾಲು ಸುಮಾರು 400 ಕಿ.ಮೀ. ದೂರದ ಬೆಂಗಳೂರಿಗೂ ಬಂದು ತಲುಪುತ್ತದೆ. ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿರುವ ಈ ಲೇಖಕನ ಯಂತ್ರಶಾಲೆಗೆ ಮಳೆಗಾಲದಲ್ಲಿ ರಾತ್ರಿ ಲಾರಿಯ ಪಾರ್ಸೆಲ್ಲಿನಲ್ಲಿ ಬರುವ ಗೋಣಿ ಸುತ್ತಿದ ಬೀಡಿನ ಭಾಗಗಳಲ್ಲಿ ಹೆಚ್ಚಿನವು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳು.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಕೊನೆಯ ವಾರದಲ್ಲಿ ಮಲ್ಪೆಯ ದೋಣಿ ಮಾಲೀಕರೊಬ್ಬರು ಅಂಥ ಒಂದು ಮ್ಯಾನಿಫೋಲ್ಡನ್ನು ಸ್ವತಃ ಹೊತ್ತು ತಂದಿದ್ದರು. ಹಳೆಯ ಬಿಡಿಭಾಗಗಳ ವ್ಯಾಪಾರಿಯೊಬ್ಬರಲ್ಲಿ ಕೊಂಡದ್ದು. ಮೇಲೆ ಬೆಳ್ಳಿಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಗ್ಯಾಸ್ಕೆಟ್ ಕೂರುವ ಮುಖವನ್ನು ಸಮತಟ್ಟು ಮಾಡಿಕೊಡಬೇಕೆಂದು ಕೇಳಿದರು. ನಾವು ಮಿಲ್ಲಿಂಗ್ ಯಂತ್ರಕ್ಕೆ ಏರಿಸಿ, ಮುಖವನ್ನು ಕನ್ನಡಿಯಂತೆ ಮಾಡಿ, ಬಿಲ್ ಬರೆದು ಕಳುಹಿಸಿದೆವು. ಒಳಗಿನ ನೀರಿನ ಜಾಕೆಟ್ಟನ್ನು ಅವರು ಪರೀಕ್ಷಿಸಲು ಹೇಳಿರಲಿಲ್ಲ, ನಾವೂ ಪರೀಕ್ಷಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರ ದೂರವಾಣಿ ಬಂತು. ಕಡಲಿಗಿಳಿದ ನಾಲ್ಕನೆಯ ದಿನ ಬೆಳಗ್ಗೆ ಎಂಜಿನ್ ಚಾಲೂ ಮಾಡಹೋದಾಗ ಒಂದು ಸಿಲಿಂಡರಿನಲ್ಲಿ ನೀರು ತುಂಬಿತ್ತು, ಕನೆಕ್ಟಿಂಗ್ ರಾಡ್ ಬಾಗಿತ್ತು. ಇನ್ನೊಂದು ದೋಣಿ ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದಿತ್ತು. ಅವರು ಜಗಳವಾಡಲಿಲ್ಲ. "ನಾನು ಹೇಳಿದ ಕೆಲಸ ನೀವು ಮಾಡಿದ್ದೀರಿ ಮಾರಾಯ್ರೇ. ನಾನು ಹೇಳದ್ದನ್ನು ನೀವಾದರೂ ಹೇಳಬಹುದಿತ್ತಲ್ಲ" ಎಂದಷ್ಟೇ ಅಂದರು.

ಈ ಮಾತು ಹಳೆಯ ಭಾಗವನ್ನು ಮಾರುವ ವರ್ತಕರಿಗೂ ಅದಕ್ಕೆ ಕೈ ಹಚ್ಚುವ ಯಂತ್ರಶಾಲೆಗಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಹಳೆಯ ಮ್ಯಾನಿಫೋಲ್ಡ್ ಕೊಳ್ಳುವುದು ತಪ್ಪಲ್ಲ. ಅದರೊಳಗೆ ಎಂಥ ನೀರು ಹರಿದಿದೆ, ಒಳಗೋಡೆ ಇನ್ನೆಷ್ಟು ಉಳಿದಿದೆ ಎಂಬುದನ್ನು ಅಳೆಯದೆ, ದಾಖಲಿಸದೆ ಕೊಳ್ಳುವುದು ಮತ್ತು ಮಾರುವುದು ತಪ್ಪು. ಈ ದೃಷ್ಟಿಯಿಂದ ಕೆಲವು ಉಪಯುಕ್ತ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಈ ಭಾಗದ ಕೆಲಸವೇನು?

ಎಂಜಿನ್ನಿನ ಎಲ್ಲ ಸಿಲಿಂಡರುಗಳಿಂದ ಹೊರಬರುವ ಬಿಸಿ ಹೊಗೆಯನ್ನು ಒಂದುಗೂಡಿಸಿ ಹೊರದಾರಿಗೆ ಸಾಗಿಸುವ ಕೊಳವೆಗುಚ್ಛವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಲಾರಿಯಲ್ಲಿ ಇದು ಒಣ ಭಾಗ. ಓಡುವ ಗಾಳಿಯೇ ಅದನ್ನು ತಣಿಸುತ್ತದೆ. ದೋಣಿಯ ಎಂಜಿನ್ ಕೋಣೆ ಮುಚ್ಚಿರುತ್ತದೆ. ಅಲ್ಲಿ ಮರ, ಫೈಬರ್, ಡೀಸೆಲ್ ಕೊಳವೆಗಳ ನಡುವೆ ಕೆಂಪಗೆ ಕಾದ ಬೀಡನ್ನು ಇಡುವುದು ಅಪಾಯಕರ. ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಡಂಬಡಿಕೆಯಾದ ಸೋಲಾಸ್, ತೈಲ ಸೋರಿ ತಗಲಬಹುದಾದಲ್ಲಿ 220 ಡಿಗ್ರಿ ಸೆಲ್ಸಿಯಸ್ ಮೀರುವ ಮೇಲ್ಮೈಗಳಿಗೆ ರಕ್ಷಣಾ ಹೊದಿಕೆಯನ್ನು ವಿಧಿಸಿರುವುದು ಇದೇ ಕಾರಣಕ್ಕೆ. ಸಣ್ಣ ದೋಣಿಗಳಿಗೆ ಆ ಒಡಂಬಡಿಕೆ ನೇರವಾಗಿ ಅನ್ವಯಿಸದಿದ್ದರೂ ಅಪಾಯ ಒಂದೇ.

ಆದುದರಿಂದ ದೋಣಿಗಾಗಿ ಮಾರ್ಪಡಿಸಿದ ಅನೇಕ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡಿಗೆ ಎರಡು ಗೋಡೆಗಳಿರುತ್ತವೆ. ಒಳಗಿನ ದಾರಿಯಲ್ಲಿ ಹೊಗೆ, ಅದರ ಸುತ್ತಲಿನ ಜಾಕೆಟ್ಟಿನಲ್ಲಿ ನೀರು. ಇವೆರಡರ ನಡುವೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಬೀಡು. ಈ ಒಳಗೋಡೆ ತೂತಾದರೆ ನೀರು ಹೊಗೆಯ ದಾರಿಗೆ ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಹೊಗೆಯ ಒತ್ತಡ ಅದನ್ನು ಹೊರಗೆ ದೂಡುವುದರಿಂದ ದೋಷ ಗೊತ್ತಾಗದೆ ಹೋಗಬಹುದು. ಎಂಜಿನ್ ನಿಂತ ಮೇಲೆ, ತೆರೆದಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ನೀರು ತೊಟ್ಟಿಕ್ಕಿ ಸಿಲಿಂಡರ್ ಸೇರುತ್ತದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಮರುದಿನ ಚಾಲೂ ಮಾಡಿದಾಗ ಪಿಸ್ಟನ್ ಅದಕ್ಕೆ ಬಡಿದು ರಾಡ್ ಬಾಗುತ್ತದೆ. ಮ್ಯಾನಿಫೋಲ್ಡಿನಲ್ಲಿ ಉಳಿಸಿದ ಹಣ ಎಂಜಿನ್ನಿನಲ್ಲಿ ಹೋಗುವುದು ಹೀಗೆ.

ಪ್ರವಾಸಿ ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವ, ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಹೊಗೆಯ ದಾರಿ ಎಂಜಿನ್ ಬ್ಲಾಕಿನೊಳಗೇ ಅಡಕವಾಗಿರುತ್ತದೆ. ಇಲ್ಲಿ ಚರ್ಚಿಸುತ್ತಿರುವುದು ದೋಣಿಯ ಒಳಗೆ ಕೂರುವ ಇನ್‌ಬೋರ್ಡ್ ಎಂಜಿನ್‌ಗಳ ವಿಷಯ. ನಮ್ಮ ಕರಾವಳಿಯ ಟ್ರಾಲ್ ಬೋಟುಗಳ ಡೀಸೆಲ್ ಎಂಜಿನ್‌ಗಳು, ವೇಗದ ದೋಣಿಗಳಲ್ಲಿ ಬಳಸುವ ಮರ್ಕ್ರೂಸರ್, ವೋಲ್ವೊ ಪೆಂಟಾ ಮಾದರಿಯ ಎಂಜಿನ್‌ಗಳು ಈ ವರ್ಗಕ್ಕೆ ಸೇರುತ್ತವೆ.

ಒರಿಜಿನಲ್, ಆಫ್ಟರ್‌ಮಾರ್ಕೆಟ್ ಮತ್ತು ಹಳೆಯದು

ಮಾರುಕಟ್ಟೆಯಲ್ಲಿ ಮೂರು ಬಗೆಯ ಮಾಲು ದೊರೆಯುತ್ತದೆ. ಎಂಜಿನ್ ತಯಾರಕರೇ ಪೂರೈಸುವ ಒರಿಜಿನಲ್ ಭಾಗ, ಬೇರೆ ತಯಾರಕರು ಅದೇ ಅಳತೆಗೆ ಎರಕ ಹೊಯ್ದು ಮಾರುವ ಆಫ್ಟರ್‌ಮಾರ್ಕೆಟ್ ಭಾಗ, ಮತ್ತು ಇವೆರಡರಲ್ಲಿ ಯಾವುದಾದರೂ ಬಳಕೆಯಾಗಿ ಮರಳಿ ಬಂದದ್ದು. ಆಫ್ಟರ್‌ಮಾರ್ಕೆಟ್ ಎಂದಾಕ್ಷಣ ಕಳಪೆ ಎಂದು ಭಾವಿಸಬೇಕಾಗಿಲ್ಲ. ಅಮೆರಿಕದ ಬಾರ್, ಆಸ್ಕೊ, ಸಿಯೆರಾ ಮುಂತಾದ ಹೆಸರುಗಳು ದೋಣಿ ಎಂಜಿನ್‌ಗಳ ಬಿಡಿಭಾಗಗಳ ವ್ಯಾಪಾರದಲ್ಲಿ ಬಹುಕಾಲದಿಂದ ಪರಿಚಿತವಾಗಿವೆ. ಅಂಥ ಭಾಗದ ಮೇಲೆ ತಯಾರಕರ ಗುರುತು ಮತ್ತು ಎರಕದ ಸಂಖ್ಯೆ ಉಬ್ಬಿ ಮೂಡಿರುತ್ತದೆ. ಗುರುತೂ ಇಲ್ಲದ, ಸಂಖ್ಯೆಯನ್ನು ಉಜ್ಜಿ ತೆಗೆದಿರುವ ಭಾಗವನ್ನು ಎಷ್ಟೇ ಅಗ್ಗವಾದರೂ ಬದಿಗಿಡುವುದು ಲೇಸು. ಅದು ಯಾವ ಎಂಜಿನ್ನಿಗೆ ಸೇರಿದ್ದೆಂಬುದನ್ನೇ ಖಚಿತಪಡಿಸಿಕೊಳ್ಳಲಾಗದು.

ಹಳೆಯ ಮಾಲಿನ ಮೂಲಗಳೂ ಹಲವು. ಕೆಲಸ ನಿಲ್ಲಿಸಿದ ದೋಣಿಗಳಿಂದ ಕಳಚಿದವು, ವಿದೇಶದಿಂದ ಬಂದವು, ಗುಜರಾತಿನ ಅಲಂಗ್ ಹಡಗು ಒಡೆಯುವ ಕೇಂದ್ರದಿಂದ ಬಂದವು. ಅಲಂಗ್‌ನಲ್ಲಿ 1983ರಿಂದ ಹಡಗುಗಳನ್ನು ಒಡೆಯಲಾಗುತ್ತಿದ್ದು, ಅಲ್ಲಿಯ ರಸ್ತೆಬದಿಯ ಅಂಗಡಿಗಳಲ್ಲಿ ಜೀವರಕ್ಷಕ ದೋಣಿಗಳೂ ಅವುಗಳ ಎಂಜಿನ್‌ಗಳೂ ಮಾರಾಟಕ್ಕಿರುತ್ತವೆ. ಜೀವರಕ್ಷಕ ದೋಣಿಯ ಎಂಜಿನ್ ಅಪರೂಪಕ್ಕೆ ಓಡಿರುತ್ತದೆ ಎಂಬುದು ನಿಜ. ವ್ಯಾಪಾರಿಗಳು ಇದನ್ನೇ ಮುಂದುಮಾಡುತ್ತಾರೆ. ಆದರೆ ಮ್ಯಾನಿಫೋಲ್ಡಿನ ಮಟ್ಟಿಗೆ ಓಡಿದ ಗಂಟೆಗಳು ಮಾತ್ರವೇ ಲೆಕ್ಕವಲ್ಲ. ಜಾಕೆಟ್ಟಿನೊಳಗೆ ಉಪ್ಪುನೀರು ವರ್ಷಗಟ್ಟಲೆ ನಿಂತಿದ್ದರೆ ಓಡದ ಎಂಜಿನ್ನಿನ ಬೀಡೂ ಕರಗಿರುತ್ತದೆ.

ಮೊದಲ ಪ್ರಶ್ನೆ: ಯಾವ ನೀರು?

ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ತಣಿಸುವ ವ್ಯವಸ್ಥೆಯಲ್ಲಿ ಎರಡು ವಿಧಗಳಿವೆ. ಮೊದಲನೆಯದರಲ್ಲಿ ದೋಣಿ ತೇಲುವ ನೀರನ್ನೇ ಪಂಪಿನಿಂದ ಎಳೆದು ಎಂಜಿನ್ ಹಾಗೂ ಮ್ಯಾನಿಫೋಲ್ಡಿನೊಳಗೆ ಹರಿಸಿ ಹೊರಗೆ ಬಿಡಲಾಗುತ್ತದೆ. ಎರಡನೆಯದರಲ್ಲಿ ಎಂಜಿನ್ನಿನೊಳಗೆ ಕೂಲೆಂಟ್ ಬೆರೆತ ಸಿಹಿನೀರು ಸುತ್ತುತ್ತದೆ. ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರ್ ಎಂಬ ಶಾಖ ವಿನಿಮಯಕದಲ್ಲಿ ಮಾತ್ರ ಹರಿದು ಅದನ್ನು ತಣಿಸುತ್ತದೆ. ಈ ಎರಡನೆಯ ವಿಧದಲ್ಲಿಯೂ ಒಂದು ಸೂಕ್ಷ್ಮವಿದೆ. ಕೆಲವು ಎಂಜಿನ್‌ಗಳಲ್ಲಿ ಬ್ಲಾಕಿಗೆ ಸಿಹಿನೀರು, ಮ್ಯಾನಿಫೋಲ್ಡಿಗೆ ಮಾತ್ರ ಸಮುದ್ರದ ನೀರು ಹರಿಯುವ ಅರೆ ವ್ಯವಸ್ಥೆ ಇರುತ್ತದೆ. ಆದ್ದರಿಂದ "ಫ್ರೆಶ್ ವಾಟರ್ ಕೂಲಿಂಗ್ ಎಂಜಿನ್ನಿನದು" ಎಂಬ ಮಾತಷ್ಟೇ ಸಾಲದು. ಮ್ಯಾನಿಫೋಲ್ಡಿಗೆ ಯಾವ ಕೊಳವೆ ಬರುತ್ತಿತ್ತೆಂದು ಕೇಳಬೇಕು.

ಸಮುದ್ರದ ನೀರಿನಲ್ಲಿ ತೂಕದಲ್ಲಿ ಶೇ. 3.5ರಷ್ಟು ಲವಣವಿರುತ್ತದೆ. ಹೆಚ್ಚು ಬಿಸಿಯಾದಾಗ ಇದರ ಒಂದಂಶ ಗೋಡೆಗೆ ಗಟ್ಟಿಯಾಗಿ ಅಂಟಿ ದಾರಿ ಕಟ್ಟಿಕೊಳ್ಳುತ್ತದೆ. ಸಮುದ್ರದ ನೀರು ನೇರವಾಗಿ ಹರಿಯುವ ಎಂಜಿನ್‌ಗಳಿಗೆ ಸುಮಾರು 60 ಡಿಗ್ರಿಯ ತಣ್ಣನೆಯ ಥರ್ಮೋಸ್ಟಾಟ್ ಹಾಕುವುದು ಈ ಕಾರಣಕ್ಕೆ. ಸಿಹಿನೀರಿನ ಸರೋವರದಲ್ಲಿ ಓಡಿದ ಮ್ಯಾನಿಫೋಲ್ಡ್ ಹಲವು ಪಟ್ಟು ಹೆಚ್ಚು ಕಾಲ ಬಾಳುತ್ತದೆ. ಅಮೆರಿಕದಿಂದ ಬರುವ ಒಂದೇ ಮಾದರಿಯ ಎರಡು ಭಾಗಗಳಲ್ಲಿ ಮಿಚಿಗನ್ ಸರೋವರದ ದೋಣಿಯಿಂದ ಕಳಚಿದ್ದಕ್ಕೂ ಫ್ಲಾರಿಡಾದ ಕಡಲತೀರದಿಂದ ಕಳಚಿದ್ದಕ್ಕೂ ಅಜಗಜಾಂತರ. ನಮ್ಮಲ್ಲಿಯೂ ಶರಾವತಿ ಹಿನ್ನೀರಿನಲ್ಲಿ ಓಡಿದ ದೋಣಿಯ ಭಾಗವನ್ನು ಮಲ್ಪೆಯಲ್ಲಿ ಓಡಿದ ದೋಣಿಯ ಭಾಗದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ತಾನೇ ಉಳಿದಂತೆ ತೋರುವ ಬೀಡು

ಬೂದು ಬೀಡಿಗೆ ಒಂದು ವಿಚಿತ್ರ ಗುಣವಿದೆ. ಅದರೊಳಗೆ ಕಬ್ಬಿಣದ ಜೊತೆಗೆ ಗ್ರಾಫೈಟಿನ ತೆಳು ಪದರಗಳ ಜಾಲವಿರುತ್ತದೆ. ಉಪ್ಪುನೀರು ಕಬ್ಬಿಣವನ್ನು ಕರಗಿಸಿ ಒಯ್ಯುತ್ತದೆ. ಗ್ರಾಫೈಟ್ ಜಾಲ ಮಾತ್ರ ಹಾಗೆಯೇ ನಿಲ್ಲುತ್ತದೆ. ಇದನ್ನು ಗ್ರಾಫೈಟಿಕ್ ಸವಕಳಿ ಎನ್ನುತ್ತಾರೆ. ನೋಡಲು ಗೋಡೆಯ ಆಕಾರ, ದಪ್ಪ ಎಲ್ಲವೂ ಮೊದಲಿನಂತೆಯೇ ಇರುತ್ತದೆ, ಆದರೆ ಅದರಲ್ಲಿ ಸತ್ತ್ವವಿರುವುದಿಲ್ಲ. ಚೂಪಾದ ಚಾಕುವಿನಿಂದ ಕೆರೆದರೆ ಪೆನ್ಸಿಲ್ ಸೀಸದಂತೆ ಕಪ್ಪು ಪುಡಿ ಉದುರುತ್ತದೆ. ಗೆದ್ದಲು ತಿಂದ ಕಂಬ ಹೊರಗಿನಿಂದ ಕಂಬದಂತೆಯೇ ಕಾಣುವುದನ್ನು ಇದಕ್ಕೆ ಹೋಲಿಸಬಹುದು.

ಇದಕ್ಕೆ ಮಾರುಕಟ್ಟೆಯ ಅಭ್ಯಾಸವೊಂದು ಸೇರಿಕೊಳ್ಳುತ್ತದೆ. ಹಳೆಯ ಭಾಗವನ್ನು ಆಮ್ಲದಲ್ಲಿ ಅದ್ದಿ ತುಕ್ಕು ತೆಗೆದು, ತೂತುಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದು ಇಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬೆಳ್ಳಿಬಣ್ಣಕ್ಕೂ ಸಲ್ಲುತ್ತದೆ. ಬಣ್ಣ ಬಳಿಯದ, ತುಕ್ಕು ಕಾಣುವ ಭಾಗವನ್ನೇ ಕೇಳಿ ಪಡೆಯುವುದು ಜಾಣತನ. ಹೊರಗಿನ ತುಕ್ಕು ಬಹುಮಟ್ಟಿಗೆ ನಿರುಪದ್ರವಿ. ಅದು ಏನನ್ನೂ ಮುಚ್ಚಿಡುವುದಿಲ್ಲ.

ಮೇಜಿನ ಮೇಲೆ ಮಾಡಬಹುದಾದ ಪರೀಕ್ಷೆಗಳು

ಕೆಳಗಿನ ಪರೀಕ್ಷೆಗಳಿಗೆ ಭಾರಿ ಬಂಡವಾಳ ಬೇಕಿಲ್ಲ. ಸಾಧಾರಣ ಯಂತ್ರಶಾಲೆಯಲ್ಲಿ ಒಂದು ದಿನದೊಳಗೆ ಮುಗಿಸಬಹುದು. ಅಗ್ಗದ ಪರೀಕ್ಷೆ ಮೊದಲು, ಶ್ರಮದ ಪರೀಕ್ಷೆ ನಂತರ ಎಂಬ ಕ್ರಮದಲ್ಲಿ ಕೊಡಲಾಗಿದೆ. ಯಾವುದೇ ಹಂತದಲ್ಲಿ ಭಾಗ ಸೋತರೆ ಅಲ್ಲಿಗೇ ನಿಲ್ಲಿಸಬೇಕು.

1. ತೂಕ: ಅದೇ ಎರಕದ ಸಂಖ್ಯೆಯ ಹೊಸ ಭಾಗದ ತೂಕವನ್ನು ಪೂರೈಕೆದಾರರಿಂದ ತಿಳಿದುಕೊಂಡು ಹೋಲಿಸಬೇಕು. ಕರಗಿದ ಕಬ್ಬಿಣ ತಕ್ಕಡಿಯಲ್ಲಿ ಬಯಲಾಗುತ್ತದೆ. ಒಳಗೆ ಉಪ್ಪು ಮತ್ತು ತುಕ್ಕಿನ ಹೆಂಟೆ ಕಟ್ಟಿದ್ದರೆ ತೂಕ ಮೋಸಗೊಳಿಸಬಹುದಾದ ಕಾರಣ ಸ್ವಚ್ಛಗೊಳಿಸಿದ ಬಳಿಕವೇ ತೂಗಬೇಕು.

2. ಸುತ್ತಿಗೆಯ ನಾದ: ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಬೀಡು ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಮೊಂಡು ಸದ್ದು ಮಾಡುತ್ತದೆ. ಇದು ಸೂಚನೆ ಮಾತ್ರ, ತೀರ್ಪಲ್ಲ.

3. ಒಳನೋಟ: ಈಗ ಮೊಬೈಲ್ ಫೋನಿಗೆ ಜೋಡಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾಗಳು ಸುಲಭ ಬೆಲೆಗೆ ಸಿಗುತ್ತವೆ. ಹೊಗೆಯ ದಾರಿ, ನೀರಿನ ದಾರಿ ಎರಡನ್ನೂ ನೋಡಬೇಕು. ಹೊಗೆಯ ದಾರಿಯಲ್ಲಿ ಒಣ ಮಸಿ ಇರುವುದು ಸಹಜ. ಅಲ್ಲಿ ಕೆಂಪು ತುಕ್ಕಿನ ಇಳಿಗೆರೆಯಾಗಲಿ ಬಿಳಿ ಉಪ್ಪಿನ ಕಲೆಯಾಗಲಿ ಕಂಡರೆ ನೀರು ಒಳಗೆ ಬಂದಿತ್ತೆಂದೇ ಅರ್ಥ.

4. ದಪ್ಪದ ಅಳತೆ: ಅಲ್ಟ್ರಾಸಾನಿಕ್ ಗೇಜಿನಿಂದ ಹೊರಗೋಡೆಯ ದಪ್ಪ ಅಳೆಯಬಹುದು. ಉಕ್ಕಿನ ವೇಗಕ್ಕೆ ಹೊಂದಿಸಿದ ಗೇಜ್ ಬೀಡಿನ ಮೇಲೆ ತಪ್ಪು ಅಂಕಿ ತೋರಿಸುವುದರಿಂದ, ದಪ್ಪ ಗೊತ್ತಿರುವ ಬೀಡಿನ ತುಂಡಿನ ಮೇಲೆ ಮೊದಲು ಸರಿಪಡಿಸಿಕೊಳ್ಳಬೇಕು. ಇನ್ನೊಂದು ಮಿತಿಯನ್ನು ಮರೆಯಬಾರದು: ಈ ಗೇಜ್ ಅಳೆಯುವುದು ಹೊರಗೋಡೆಯನ್ನು, ಎಂಜಿನ್ನನ್ನು ಕಾಯುವುದು ಒಳಗೋಡೆ. ಹೊರಗೋಡೆ ತೆಳುವಾಗಿದ್ದರೆ ತಿರಸ್ಕರಿಸಬಹುದು. ದಪ್ಪವಾಗಿದ್ದರೆ ಮಾತ್ರಕ್ಕೆ ಒಪ್ಪಲಾಗದು.

5. ಒತ್ತಡ ಪರೀಕ್ಷೆ: ಇದೇ ನಿಜವಾದ ತೀರ್ಪು. ನೀರಿನ ದಾರಿಯ ಬಾಯಿಗಳಿಗೆಲ್ಲ ರಬ್ಬರ್ ಹಾಸಿ ತಗಡಿನ ಮುಚ್ಚಳ ಬಿಗಿದು, ಜಾಕೆಟ್ಟನ್ನು ನೀರಿನಿಂದ ತುಂಬಿ, ಗಾಳಿಯೆಲ್ಲ ಹೊರಹೋದ ಮೇಲೆ ಕೈಪಂಪಿನಿಂದ ಚದರ ಸೆಂ.ಮೀ.ಗೆ 1ರಿಂದ 1.4 ಕಿ.ಗ್ರಾಂ ಒತ್ತಡ ಕೊಟ್ಟು ಕನಿಷ್ಠ 15 ನಿಮಿಷ ಬಿಡಬೇಕು. ಮುಳ್ಳು ಇಳಿಯಬಾರದು, ಹೊಗೆಯ ದಾರಿ ಒದ್ದೆಯಾಗಬಾರದು. ಬಳಿಕ ಬಿಸಿನೀರು ತುಂಬಿ ಮತ್ತೊಮ್ಮೆ ಮಾಡಬೇಕು, ಏಕೆಂದರೆ ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಕಾದಾಗ ಬಾಯಿ ಬಿಡುತ್ತದೆ. ಬರಿಯ ಗಾಳಿಯನ್ನು ತುಂಬಿ ಒತ್ತಡ ಏರಿಸುವುದು ಅಪಾಯಕರ; ಕೊಳೆತ ಎರಕ ಒಡೆದರೆ ಚೂರುಗಳು ಸಿಡಿಯುತ್ತವೆ.

6. ಬಿರುಕಿನ ಪರೀಕ್ಷೆ: ಬೋಲ್ಟ್ ತೂತುಗಳ ಸುತ್ತ, ಕೊಳವೆಗಳು ಕೂಡುವ ಮೂಲೆಗಳಲ್ಲಿ ಕೆಂಪು ದ್ರವ ಹಚ್ಚಿ ಒರೆಸಿ ಬಿಳಿ ಡೆವಲಪರ್ ಸಿಂಪಡಿಸುವ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಬೇಕು. ಬಿರುಕಿದ್ದರೆ ಕೆಂಪು ಗೆರೆ ಮೂಡುತ್ತದೆ. ಹೊಗೆಯ ದಾರಿಯಿಂದ ಹೊರಕ್ಕೆ ಬಿರುಕಿದ್ದರೆ ಎಂಜಿನ್ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಸೋರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

7. ಮುಖದ ಸಮತಟ್ಟು: ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಸಂದು ಅಳೆಯಬೇಕು. ಎಂಜಿನ್ನಿನ ಕೈಪಿಡಿಯಲ್ಲಿರುವ ಮಿತಿಯೇ ಅಂತಿಮ. ಕೈಪಿಡಿ ಸಿಗದಿದ್ದಾಗ ನಮ್ಮ ಯಂತ್ರಶಾಲೆಯಲ್ಲಿ 0.10 ಮಿ.ಮೀ. ಮೀರಿದರೆ ಮಿಲ್ಲಿಂಗ್‌ಗೆ ಏರಿಸುತ್ತೇವೆ. ಈ ಮೊದಲೇ ಹಲವು ಬಾರಿ ಕೆತ್ತಿ ಫ್ಲಾಂಜ್ ತೆಳುವಾಗಿರುವ ಭಾಗವನ್ನು ಮತ್ತೆ ಕೆತ್ತಬಾರದು.

ಪರೀಕ್ಷೆಗಳ ಕ್ರಮದ ಬಗ್ಗೆ ಒಂದು ಎಚ್ಚರಿಕೆ. ತುಕ್ಕಿನ ಹೆಂಟೆ ಕೆಲವೊಮ್ಮೆ ತೂತನ್ನು ಬಿರಡೆಯಂತೆ ಮುಚ್ಚಿಕೊಂಡಿರುತ್ತದೆ. ಸ್ವಚ್ಛಗೊಳಿಸುವ ಮುನ್ನ ಒತ್ತಡ ಪರೀಕ್ಷೆಯಲ್ಲಿ ತೇರ್ಗಡೆಯಾದ ಭಾಗ ಸ್ವಚ್ಛಗೊಳಿಸಿದ ಬಳಿಕ ಸೋರುವುದುಂಟು. ಆದ್ದರಿಂದ ಮೊದಲು ಸ್ವಚ್ಛತೆ, ಆಮೇಲೆ ಒತ್ತಡ, ಅದರಲ್ಲಿ ಗೆದ್ದ ಮೇಲೆಯೇ ಮಿಲ್ಲಿಂಗ್. ಆರಂಭದಲ್ಲಿ ಹೇಳಿದ ಪ್ರಸಂಗದಲ್ಲಿ ನಾವು ಮಾಡಿದ್ದು ಕೊನೆಯ ಕೆಲಸವನ್ನು ಮಾತ್ರ.

ಹೊಂದಾಣಿಕೆ

ಒಳ್ಳೆಯ ಭಾಗವೂ ಹೊಂದದ ಎಂಜಿನ್ನಿಗೆ ನಿಷ್ಪ್ರಯೋಜಕ. ಹೊಗೆಯ ಕಿಂಡಿಗಳ ಸಂಖ್ಯೆ ಮತ್ತು ಆಕಾರ, ಬೋಲ್ಟ್ ತೂತುಗಳ ಅಂತರ, ಹೊರದಾರಿ ನಡುವಿನಲ್ಲಿದೆಯೇ ತುದಿಯಲ್ಲಿದೆಯೇ, ನೀರಿನ ಕೊಳವೆಯ ಅಳತೆ, ಇವನ್ನು ಹಳೆಯ ಗ್ಯಾಸ್ಕೆಟ್ಟನ್ನೇ ನಮೂನೆಯಾಗಿ ಇಟ್ಟು ನೋಡಬೇಕು. ಮ್ಯಾನಿಫೋಲ್ಡಿನ ಮೇಲೆ ಕೂರುವ ರೈಸರ್ ಅಥವಾ ಎಲ್ಬೋ ಎಂಬ ಭಾಗದಲ್ಲಿ ನೀರು ಹೊಗೆಯೊಂದಿಗೆ ಬೆರೆಯುವುದರಿಂದ ಅದು ಎಲ್ಲಕ್ಕಿಂತ ಬೇಗ ಕೆಡುತ್ತದೆ. ಮ್ಯಾನಿಫೋಲ್ಡ್ ಹಳೆಯದಾದರೂ ರೈಸರನ್ನು ಹೊಸದಾಗಿಯೇ ಕೊಳ್ಳುವಂತೆ ಗ್ರಾಹಕರಿಗೆ ಸಲಹೆ ನೀಡುವುದು ಉತ್ತಮ.

ಇವೆರಡರ ನಡುವಣ ಜೋಡಣೆಯಲ್ಲಿಯೂ ಎರಡು ಪದ್ಧತಿಗಳಿವೆ. ಒಂದರಲ್ಲಿ ನೀರು ಮತ್ತು ಹೊಗೆ ಒಂದೇ ಗ್ಯಾಸ್ಕೆಟ್ಟಿನ ಅಕ್ಕಪಕ್ಕದ ಕಿಂಡಿಗಳಲ್ಲಿ ದಾಟುತ್ತವೆ. ಗ್ಯಾಸ್ಕೆಟ್ ಕೆಟ್ಟರೆ ನೀರು ನೇರ ಒಳಕ್ಕೆ. ಇನ್ನೊಂದರಲ್ಲಿ ನೀರಿನ ದಾರಿಯನ್ನು ಬೇರ್ಪಡಿಸಿ, ಸೋರಿದರೆ ಹೊರಕ್ಕೆ ಸೋರುವಂತೆ ಮಾಡಲಾಗಿದೆ. ಮರ್ಕ್ರೂಸರ್ ಎಂಜಿನ್‌ಗಳಲ್ಲಿ ಈ ಡ್ರೈ ಜಾಯಿಂಟ್ ಪದ್ಧತಿ 2000ರ ದಶಕದ ಆರಂಭದಲ್ಲಿ ಬಂತು. ಒಂದು ಪದ್ಧತಿಯ ಮ್ಯಾನಿಫೋಲ್ಡಿಗೆ ಇನ್ನೊಂದರ ರೈಸರ್ ಜೋಡಿಸುವ ಸಾಹಸ ಬೇಡ.

ಬಿರುಕಿಗೆ ಬೆಸುಗೆ ಹಾಕಿಸಬಹುದೇ ಎಂದು ಅನೇಕರು ಕೇಳುತ್ತಾರೆ. ಗಟ್ಟಿ ಬೀಡಿನಲ್ಲಿ ಹೊರಗಿನ ಬಿರುಕನ್ನು ಚೆನ್ನಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆದು, ನಿಧಾನವಾಗಿ ಆರಲು ಬಿಟ್ಟು ಉಳಿಸಬಹುದು. ಉಪ್ಪುನೀರಿನಲ್ಲಿ ಸತ್ತ್ವ ಕಳೆದುಕೊಂಡ ಬೀಡಿನಲ್ಲಿ ಬೆಸುಗೆ ಹಿಡಿಯುವುದೇ ಇಲ್ಲ. ಒಳಗೋಡೆಯ ತೂತಿಗಂತೂ ಬೆಸುಗೆಯ ಕೈ ತಲುಪುವುದಿಲ್ಲ.

ಅಗ್ಗವೋ ದುಬಾರಿಯೋ?

ಹಳೆಯ ಭಾಗದ ಬೆಲೆಯನ್ನು ಹೊಸದರ ಬೆಲೆಯೊಂದಿಗೆ ನೇರವಾಗಿ ಹೋಲಿಸುವುದು ಸಾಮಾನ್ಯ ತಪ್ಪು. ಹೋಲಿಸಬೇಕಾದದ್ದು ವರ್ಷವೊಂದಕ್ಕೆ ಬೀಳುವ ವೆಚ್ಚವನ್ನು. ಉದಾಹರಣೆಗಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಹೊಸ ಭಾಗಕ್ಕೆ ರೂ. 60,000, ಗ್ಯಾಸ್ಕೆಟ್, ಸ್ಟಡ್ ಮತ್ತು ಜೋಡಣೆಯ ಕೂಲಿ ರೂ. 6,000, ಒಟ್ಟು ರೂ. 66,000. ಅದು 6 ವರ್ಷ ಬಾಳಿದರೆ ವರ್ಷಕ್ಕೆ ರೂ. 11,000. ಹಳೆಯದಕ್ಕೆ ರೂ. 25,000, ಪರೀಕ್ಷೆ ಮತ್ತು ಮಿಲ್ಲಿಂಗ್‌ಗೆ ರೂ. 5,000; ಗ್ಯಾಸ್ಕೆಟ್, ಸ್ಟಡ್, ಕೂಲಿ ಅದೇ ರೂ. 6,000, ಒಟ್ಟು ರೂ. 36,000. ಅದು 2 ವರ್ಷ ಮಾತ್ರ ಬಾಳಿದರೆ ವರ್ಷಕ್ಕೆ ರೂ. 18,000 ಆಗಿ ಹೊಸದಕ್ಕಿಂತ ದುಬಾರಿ. 4 ವರ್ಷ ಬಾಳಿದರೆ ವರ್ಷಕ್ಕೆ ರೂ. 9,000, ಆಗ ಒಳ್ಳೆಯ ವ್ಯಾಪಾರ. ಈ ಲೆಕ್ಕದಲ್ಲಿ ಸುಮಾರು ಮೂರೂಕಾಲು ವರ್ಷ ಬಾಳಿದರೆ ಮಾತ್ರ ಹಳೆಯದು ಹೊಸದಕ್ಕೆ ಸಮ. ತಮ್ಮ ಅಂಕಿಗಳನ್ನು ಹಾಕಿ ಪ್ರತಿಯೊಬ್ಬರೂ ಈ ಲೆಕ್ಕವನ್ನು ಮಾಡಿಕೊಳ್ಳಬಹುದು. ಎಂಜಿನ್ ಕೆಟ್ಟರೆ ಆಗುವ ಖರ್ಚು, ತಪ್ಪಿದ ಮೀನುಗಾರಿಕೆಯ ದಿನಗಳು ಇದರಲ್ಲಿ ಸೇರಿಲ್ಲ ಎಂಬುದೂ ನೆನಪಿನಲ್ಲಿರಲಿ.

ಬಿಲ್ಲು, ತೆರಿಗೆ ಮತ್ತು ಹೊಣೆ

"ಹಳೆಯ ಮಾಲಿಗೆ ಗ್ಯಾರಂಟಿ ಇಲ್ಲ" ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಹೊಣೆ ಕಳಚಿತೆಂದು ವರ್ತಕರು ಭಾವಿಸುವಂತಿಲ್ಲ. 1930ರ ಸರಕುಗಳ ಮಾರಾಟ ಅಧಿನಿಯಮದ 16ನೆಯ ಪ್ರಕರಣದಂತೆ, ಕೊಳ್ಳುವವರು ತಮ್ಮ ಉದ್ದೇಶವನ್ನು ತಿಳಿಸಿ ಮಾರುವವರ ಪರಿಣತಿಯನ್ನು ನಂಬಿ ಕೊಂಡಾಗ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂಬ ಷರತ್ತು ತಾನಾಗಿಯೇ ಅನ್ವಯಿಸಬಹುದು. ಕೊಳ್ಳುವವರು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಮಾರುವವರು ಹೊಣೆಯಲ್ಲ. ಆದರೆ ಜಾಕೆಟ್ಟಿನ ಒಳಗೋಡೆ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡ ಮೀನುಗಾರ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಗ್ರಾಹಕನೆನಿಸಿಕೊಳ್ಳುತ್ತಾನೆ ಎಂಬುದನ್ನೂ ಗಮನಿಸಬೇಕು. ಆದುದರಿಂದ ಬಿಲ್ಲಿನಲ್ಲಿಯೇ ಎರಕದ ಸಂಖ್ಯೆ, ತೂಕ, ಕೊಟ್ಟ ಒತ್ತಡ, ಬಿಟ್ಟ ಅವಧಿ ಮತ್ತು ಮಾಡದೆ ಬಿಟ್ಟ ಪರೀಕ್ಷೆಗಳನ್ನು ನಮೂದಿಸುವುದು ಇಬ್ಬರಿಗೂ ಕ್ಷೇಮಕರ.

ತೆರಿಗೆಯ ವಿಷಯದಲ್ಲಿ ಹಳೆಯ ಸರಕಿನ ವರ್ತಕರಿಗೆ ಒಂದು ಅನುಕೂಲವಿದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 32(5)ನೆಯ ನಿಯಮದಂತೆ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಸರಕನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯ ಬಳಿಕ ಮಾರಿದಾಗ, ಮಾರಾಟ ಮತ್ತು ಖರೀದಿ ಬೆಲೆಗಳ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಬೀಳುತ್ತದೆ. ಇದರ ಲಾಭ ಪಡೆಯಲು ಖರೀದಿಯ ದಾಖಲೆ ಅತ್ಯಗತ್ಯ. ಗುಜರಿಯಿಂದ ಚೀಟಿಯಿಲ್ಲದೆ ತಂದ ಮಾಲಿಗೆ ವ್ಯತ್ಯಾಸವನ್ನು ಸಾಬೀತುಪಡಿಸುವುದು ಕಷ್ಟ.

ವಿದೇಶದಿಂದ ತರಿಸುವವರು ಇನ್ನೂ ಎಚ್ಚರದಿಂದಿರಬೇಕು. ವಿದೇಶ ವ್ಯಾಪಾರ ನೀತಿ 2023ರ 2.31ನೆಯ ಕಂಡಿಕೆಯಂತೆ, ಬಂಡವಾಳ ಸರಕುಗಳ ನವೀಕೃತ ಬಿಡಿಭಾಗಗಳಲ್ಲಿ ಮೂಲ ಭಾಗದ ಆಯುಷ್ಯದ ಕನಿಷ್ಠ ಶೇ. 80 ಉಳಿದಿದೆಯೆಂದು ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರವಿದ್ದರೆ ಆಮದು ಮುಕ್ತ. ಬಂಡವಾಳ ಸರಕಲ್ಲದ ಇತರ ಹಳೆಯ ಸರಕುಗಳು ನಿರ್ಬಂಧಿತ ವರ್ಗದಲ್ಲಿದ್ದು ಪರವಾನಗಿ ಬೇಕಾಗುತ್ತದೆ. ತಾವು ತರಿಸುವ ಮಾಲು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಹಣ ಕಳುಹಿಸುವ ಮೊದಲೇ ಕಸ್ಟಮ್ಸ್ ಬ್ರೋಕರರಲ್ಲಿ ವಿಚಾರಿಸಿಕೊಳ್ಳದಿದ್ದರೆ, ಬಂದರಿನಲ್ಲಿ ನಿಂತ ಪೆಟ್ಟಿಗೆಯ ಬಾಡಿಗೆಯೇ ಮಾಲಿನ ಬೆಲೆಯನ್ನು ಮೀರಬಹುದು.

ಸಣ್ಣ ಘಟಕಗಳಿಗೆ ಒಂದು ಅವಕಾಶ

ಕೆಲವು ಸಂದರ್ಭಗಳಲ್ಲಿ ಹೊಸದೇ ಸರಿ. ಹಳೆಯದರ ನೀರಿನ ಇತಿಹಾಸ ತಿಳಿಯದಿದ್ದಾಗ, ದೋಣಿ ದಡದಿಂದ ಹಲವು ದಿನಗಳ ದೂರಕ್ಕೆ ಹೋಗುವುದಾದಾಗ, ಪ್ರಯಾಣಿಕರನ್ನು ಒಯ್ಯುವುದಾದಾಗ ಹಳೆಯ ಮ್ಯಾನಿಫೋಲ್ಡಿನ ಆಸೆ ಬಿಡಬೇಕು. ಸಿಹಿನೀರಿನಲ್ಲಿ ಓಡುವ, ದಡದ ಸಮೀಪದಲ್ಲೇ ಇರುವ ದೋಣಿಗೆ, ಮೂಲ ತಿಳಿದ, ಪರೀಕ್ಷೆಯಲ್ಲಿ ಗೆದ್ದ ಹಳೆಯ ಭಾಗ ಧಾರಾಳವಾಗಿ ಸಾಕು. ಜೋಡಿಸಿದ ಬಳಿಕವೂ ಮೊದಲ ಕೆಲವು ವಾರ ಹೆಡರ್ ಟ್ಯಾಂಕಿನ ನೀರಿನ ಮಟ್ಟವನ್ನು ದಿನವೂ ನೋಡುವಂತೆ ಗ್ರಾಹಕರಿಗೆ ತಿಳಿಸಬೇಕು. ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಅದು ಒಳಗೆ ಹೋಗುತ್ತಿದೆಯೇ ಎಂದು ಕೂಡಲೇ ನೋಡಬೇಕು. ಅಲ್ಲಿಯವರೆಗೆ ಎಂಜಿನ್ ಚಾಲೂ ಮಾಡಬಾರದು.

ಬೆಂಗಳೂರಿನಲ್ಲಿ ಲೇತ್, ಮಿಲ್ಲಿಂಗ್, ಬೆಸುಗೆ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುವ ಸಣ್ಣ ಕೈಗಾರಿಕಾ ಬಡಾವಣೆಗಳು ಹಲವಿವೆ. ಒತ್ತಡ ಪರೀಕ್ಷೆಯ ಮುಚ್ಚಳಗಳು, ಒಂದು ಕೈಪಂಪು, ಒಂದು ಗೇಜ್, ಒಂದು ಕ್ಯಾಮೆರಾ ಇಷ್ಟಿದ್ದರೆ ಪರೀಕ್ಷಿಸಿ ಲಿಖಿತ ವರದಿ ಕೊಡುವ ಸೇವೆಯನ್ನೇ ಒಂದು ಕಸುಬಾಗಿ ಬೆಳೆಸಬಹುದು. ಹಳೆಯ ಭಾಗಗಳ ವರ್ತಕರಿಗೂ ವರದಿಯಿರುವ ಮಾಲಿಗೆ ಒಳ್ಳೆಯ ಬೆಲೆ ದೊರೆಯುವುದರಲ್ಲಿ ಸಂದೇಹವಿಲ್ಲ.

ಮಲ್ಪೆಯ ಆ ಗ್ರಾಹಕರು ಮರುವರ್ಷ ಜೂನ್‌ನಲ್ಲಿ ಮತ್ತೆ ಬಂದರು. ಕೈಯಲ್ಲಿ ಇನ್ನೊಂದು ಹಳೆಯ ಮ್ಯಾನಿಫೋಲ್ಡ್ ಇತ್ತು. ಈ ಬಾರಿ ಬಣ್ಣವಿಲ್ಲದ್ದು. ನಾವು ಸ್ವಚ್ಛಗೊಳಿಸಿ, ನೀರು ತುಂಬಿ ಒತ್ತಡ ಕೊಟ್ಟೆವು. ಆರನೆಯ ನಿಮಿಷಕ್ಕೆ ಮುಳ್ಳು ಇಳಿಯತೊಡಗಿತು. ಪರೀಕ್ಷೆಯ ಕೂಲಿ ಮಾತ್ರ ಪಡೆದು ಅದನ್ನು ಹಿಂದಿರುಗಿಸಿದೆವು, ಮಿಲ್ಲಿಂಗ್ ಮಾಡಲಿಲ್ಲ. ಅವರು ಅದನ್ನು ವ್ಯಾಪಾರಿಗೆ ಮರಳಿಸಿ ಹೊಸದನ್ನು ಕೊಂಡರು. ಆ ದಿನ ನಮಗೆ ಉಳಿದ ಲಾಭ ಅಲ್ಪವೇ. ಆದರೆ ಈಗ ಪ್ರತಿ ಮಳೆಗಾಲದಲ್ಲಿಯೂ ಅವರ ಬಂದರಿನಿಂದ ನಾಲ್ಕಾರು ಪಾರ್ಸೆಲ್ಲುಗಳು ನಮ್ಮ ವಿಳಾಸಕ್ಕೆ ಬರುತ್ತವೆ.